ಮುಖದ ಸೀಳು: ಒಂದೇ ಆಪರೇಷನ್ ಏಕೆ ಸಾಲದು?

ಸೀಳುತುಟಿಯ ಮಕ್ಕಳನ್ನು ನಮ್ಮಲ್ಲಿ ಹೆಚ್ಚಿನವರು ನೋಡಿರುತ್ತೇವೆ. ಸುಮಾರು 700 ಮಕ್ಕಳಲ್ಲಿ ಒಂದು ಮಗು ಹೀಗೆ ತುಟಿ ಅಥವಾ ಅಂಗುಳ ಸೀಳಿಕೊಂಡು ಹುಟ್ಟುತ್ತದೆ. ಆದರೆ ತುಟಿಯಿಂದ ಹೊರಟ ಸೀಳು ಮೂಗಿನ ಬದಿಯಲ್ಲಿ ಕೆನ್ನೆಗೆ ಹತ್ತಿ, ಕಣ್ಣಿನ ಕೆಳರೆಪ್ಪೆಯವರೆಗೂ ಹೋಗುವುದುಂಟು. ಇಂಥ ಅಪರೂಪದ ಸೀಳುಗಳೆಲ್ಲ ಸೇರಿದರೂ ಲಕ್ಷ ಜನನಗಳಿಗೆ ಐದನ್ನು ಮೀರುವುದಿಲ್ಲವೆಂದು ಅಂದಾಜು.

ನಮ್ಮ ಬಂಧುಗಳಲ್ಲಿ ಅಂಥ ಒಂದು ಮಗು ಇದೆ. ನೋಡಲು ಬಂದವರು ತಾಯಿಗೆ ಕೇಳಿದ ಮೊದಲ ಪ್ರಶ್ನೆ, "ಗ್ರಹಣದ ದಿನ ಕತ್ತಿ ಹಿಡಿದಿದ್ದೆಯಾ?" ಎರಡನೆಯದು, "ಡಾಕ್ಟರು ಒಂದೇ ಸಲಕ್ಕೆ ಏಕೆ ಸರಿ ಮಾಡುವುದಿಲ್ಲ?" ಮೊದಲನೆಯದು ಆ ತಾಯಿಯನ್ನು ಅಳಿಸಿತು. ಎರಡನೆಯದು ನ್ಯಾಯವಾದ ಪ್ರಶ್ನೆ, ವಿಜ್ಞಾನದ ವಿದ್ಯಾರ್ಥಿಗಳಾದ ನಾವು ಉತ್ತರ ತಿಳಿದಿರಬೇಕು.

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಭ್ರೂಣದ ಹೃದಯ ಮತ್ತು ಕೈಕಾಲುಗಳ ಬಗ್ಗೆ ಓದುತ್ತೇವೆ, ಮುಖ ಹೇಗೆ ಮೂಡುತ್ತದೆ ಎಂಬುದು ಅಲ್ಲಿಲ್ಲ. ನಾಲ್ಕರಿಂದ ಎಂಟನೇ ವಾರದೊಳಗೆ ಐದು ಉಬ್ಬುಗಳು ಬೆಳೆದು ಒಂದಕ್ಕೊಂದು ಕೂಡಿಕೊಂಡು ಮುಖವಾಗುತ್ತವೆ: ಹಣೆ-ಮೂಗಿನದು ಒಂದು, ಮೇಲ್ದವಡೆಯವು ಎರಡು, ಕೆಳದವಡೆಯವು ಎರಡು. ಈ ಬೆಳವಣಿಗೆಯಲ್ಲಿ ಅಡ್ಡಿಯಾದರೆ ಸೀಳು ಉಳಿಯುತ್ತದೆ. ಕೆಲವು ಮಕ್ಕಳಲ್ಲಿ ಗರ್ಭಚೀಲದ ಪೊರೆಯ ಎಳೆಗಳು ಮುಖಕ್ಕೆ ಸುತ್ತಿಕೊಂಡಿರುತ್ತವೆ. ಬಹಳಷ್ಟು ಮಕ್ಕಳಲ್ಲಿ ಇಂಥದ್ದೇ ಎಂಬ ಕಾರಣ ಸಿಗುವುದಿಲ್ಲ. ಎಂಟನೇ ವಾರವೆಂದರೆ ಎಷ್ಟೋ ತಾಯಂದಿರಿಗೆ ಗರ್ಭ ನಿಂತದ್ದು ಆಗಷ್ಟೇ ತಿಳಿದಿರುತ್ತದೆ. ಗ್ರಹಣಕ್ಕೂ ಕತ್ತಿಗೂ ಇದರಲ್ಲಿ ಯಾವ ಪಾತ್ರವೂ ಇಲ್ಲ.

ಈ ಸೀಳುಗಳಿಗೆ ಒಂದು ನಕಾಶೆ ಕೊಟ್ಟವರು ಫ್ರಾನ್ಸಿನ ಶಸ್ತ್ರವೈದ್ಯ ಪಾಲ್ ಟೆಸಿಯೆ (1917–2008). 1976ರಲ್ಲಿ ಅವರು ಕಣ್ಣಿನ ಗೂಡನ್ನು ಕೇಂದ್ರವಾಗಿಟ್ಟುಕೊಂಡು ಸೀಳುಗಳಿಗೆ 0 ರಿಂದ 14ರವರೆಗೆ ಸಂಖ್ಯೆ ಕೊಟ್ಟರು. ಬಾಯಿಯ ಮೂಲೆಯಿಂದ ಕಿವಿಯತ್ತ ಹೋಗುವುದು 7, ನಾನು ಮೇಲೆ ಹೇಳಿದ್ದು 4. ಕೆನ್ನೆಯ ಸೀಳು ಕಣ್ಣು ದಾಟಿ ಹಣೆಗೂ ಮುಂದುವರಿದರೆ ಎರಡು ಸಂಖ್ಯೆಗಳ ಮೊತ್ತ 14 ಆಗುತ್ತದೆ: 4ಕ್ಕೆ 10, 3ಕ್ಕೆ 11. ಗಣಿತದವರಿಗೂ ಇಷ್ಟವಾಗುವ ವಿಂಗಡಣೆ!

ಈಗ ಆಪರೇಷನ್ ವಿಷಯ. 4ನೇ ಸಂಖ್ಯೆಯ ಸೀಳಿನಲ್ಲಿ ಮೊದಲ ಚಿಂತೆ ಅಂದದ್ದಲ್ಲ, ಕಣ್ಣಿನದು. ಕೆಳರೆಪ್ಪೆಯಲ್ಲಿ ಕೊರತೆಯಿರುವುದರಿಂದ ಕಣ್ಣು ಪೂರ್ತಿ ಮುಚ್ಚುವುದಿಲ್ಲ. ಕಾರ್ನಿಯಾ ಒಣಗಿ ಹುಣ್ಣಾದರೆ ದೃಷ್ಟಿಯೇ ಹೋಗಬಹುದು. ಆದ್ದರಿಂದ ಹುಟ್ಟಿದ ದಿನದಿಂದಲೇ ಮುಲಾಮು, ಹನಿ ಹಾಕಿ ಕಣ್ಣನ್ನು ತೇವವಾಗಿಡುತ್ತಾರೆ, ಅಪಾಯ ಕಂಡರೆ ರೆಪ್ಪೆಯ ಆಪರೇಷನ್ ಬೇಗ ಮಾಡುತ್ತಾರೆ. ಬಳಿಕ ತುಟಿ ಮತ್ತು ಕೆನ್ನೆ. ಇಲ್ಲಿ ಚರ್ಮವನ್ನಷ್ಟೇ ಹೊಲಿದರೆ ಸಾಲದು, ಒಳಗೆ ಬೇರ್ಪಟ್ಟ ಸ್ನಾಯುಗಳನ್ನೂ ಕೂಡಿಸಬೇಕು. ನೇರ ಗೆರೆಯಲ್ಲಿ ಹೊಲಿದರೆ ಗಾಯದ ಕಲೆ ಕುಗ್ಗುತ್ತಾ ರೆಪ್ಪೆಯನ್ನು ಕೆಳಕ್ಕೆ ಎಳೆಯುತ್ತದೆ. ಅದಕ್ಕಾಗಿ ಇಂಗ್ಲಿಷಿನ ಝಡ್ ಅಕ್ಷರದಂತೆ ಚರ್ಮವನ್ನು ಕೊಯ್ದು, ಎರಡು ತ್ರಿಕೋನಗಳನ್ನು ಅದಲುಬದಲು ಮಾಡಿ ಹೊಲಿಯುತ್ತಾರೆ. ಇದರಿಂದ ಗೆರೆಯ ಉದ್ದ ಹೆಚ್ಚುತ್ತದೆ, ಎಳೆತ ಕಡಿಮೆಯಾಗುತ್ತದೆ. ಕಾಗದದ ಮೇಲೆ ಬರೆದು ಕತ್ತರಿಸಿ ನೋಡಿ, ತಟ್ಟನೆ ಅರ್ಥವಾಗುತ್ತದೆ.

ಮೂಳೆಯ ಸರದಿ ಸಾಮಾನ್ಯವಾಗಿ ಕೊನೆಗೆ. ಸೊಂಟ, ಪಕ್ಕೆಲುಬು ಅಥವಾ ತಲೆಬುರುಡೆಯಿಂದ ತೆಗೆದ ಮೂಳೆಯನ್ನು ಸೀಳಿನ ಜಾಗಕ್ಕೆ ಕೂರಿಸುತ್ತಾರೆ. ಕೂಸಿನ ಮುಖ ಬೆಳೆಯುತ್ತಲೇ ಇರುತ್ತದೆ, ಕೂರಿಸಿದ ಮೂಳೆ ಅದರ ಜೊತೆ ಅಷ್ಟೇ ಬೆಳೆಯುವುದಿಲ್ಲ. ಹಾಗಾಗಿ ದೊಡ್ಡ ಮೂಳೆ ಕೆಲಸಕ್ಕೆ ಮಗು ಬೆಳೆಯುವವರೆಗೆ ಕಾಯುತ್ತಾರೆ. ಕೊನೆಯ ತಿದ್ದುಪಡಿ ನಮ್ಮ ವಯಸ್ಸಿಗೆ, ಅಂದರೆ ಹದಿಹರೆಯದ ಕೊನೆಗೂ ಬರಬಹುದು. ನಡುವೆ ಮನೆಯವರು ಬೇಸತ್ತು ಆಸ್ಪತ್ರೆಗೆ ಹೋಗುವುದನ್ನು ನಿಲ್ಲಿಸಿದರೆ ಮಗುವಿಗೇ ನಷ್ಟ.

ಖರ್ಚಿಗೆ ಹೆದರಿ ಮಗುವನ್ನು ಒಳಗೆ ಬಚ್ಚಿಡುವವರೂ ಇದ್ದಾರೆ. ಕೇಂದ್ರ ಸರ್ಕಾರ 2013ರಲ್ಲಿ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳನ್ನು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಲ್ಲಿ ತಪಾಸಣೆ ಮಾಡುತ್ತಾರೆ. ಸೀಳುತುಟಿ, ಸೀಳಂಗುಳ ಆ ಪಟ್ಟಿಯಲ್ಲಿವೆ. ಮುಖದ ಬೇರೆ ಸೀಳು ಇರುವ ಮಗುವನ್ನೂ ಅವರಿಗೆ ತೋರಿಸಿದರೆ ಎಲ್ಲಿಗೆ ಹೋಗಬೇಕೆಂದು ಕೇಳಬಹುದು. ನಿಮ್ಮ ಬೀದಿಯಲ್ಲಿ ಅಂಥ ಮಗುವಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ.