ಹತ್ತನೆಯ ಆಜ್ಞೆ ಮತ್ತು ಹಲಸಿನ ಮರ

ನನ್ನ ಮೊಮ್ಮಗಳು ಐದನೇ ತರಗತಿ. ಕಳೆದ ಜೂನಿನಲ್ಲಿ ಚರ್ಚಿನ ಭಾನುವಾರದ ಶಾಲೆಯಲ್ಲಿ ಅವಳಿಗೆ ದಶಾಜ್ಞೆಗಳನ್ನು ಬಾಯಿಪಾಠಕ್ಕೆ ಕೊಟ್ಟಿದ್ದರು. ಹೊರಗೆ ಜಡಿಮಳೆ. ಚಾವಡಿಯಲ್ಲಿ ಕೂತು ನನಗೆ ಒಪ್ಪಿಸುತ್ತಿದ್ದಳು. ಒಂಬತ್ತು ಸರಾಗವಾಗಿ ಬಂದವು. ಹತ್ತನೆಯದರಲ್ಲಿ ನಿಂತಳು.

“ಅಜ್ಜ, ನೆರೆಯವನ ಎತ್ತಿಗೆ, ಕತ್ತೆಗೆ ಆಸೆ ಪಡಬಾರದು ಅಂತ ಉಂಟಲ್ಲ. ನಮ್ಮ ನೆರೆಯಲ್ಲಿ ಯಾರ ಮನೆಯಲ್ಲೂ ಕತ್ತೆ ಇಲ್ಲ. ಹಾಗಾದರೆ ಇದನ್ನು ಕಲಿಯುವುದು ಬೇಡವಾ?”

ನಗು ಬಂತು. ವಿಮೋಚನಕಾಂಡದ 20ನೇ ಅಧ್ಯಾಯದ ಆ ಕಾಲದಲ್ಲಿ ಎತ್ತು, ಕತ್ತೆ, ಆಳುಕಾಳುಗಳೇ ಆಸ್ತಿ. ಈಗಿನ ಕಾಲಕ್ಕೆ ನೀನೇ ಒಂದು ಪಟ್ಟಿ ಮಾಡು ಎಂದೆ. ಪುಸ್ತಕ ತಂದು ಬರೆದಳು. ಮೊದಲನೆಯದೇ ಗೇರ್ ಸೈಕಲ್. ಅವಳ ಕ್ಲಾಸಿನ ಹುಡುಗಿಗೆ ಹೊಸತು ಬಂದಿತ್ತು. ಅಂದಿನಿಂದ ನಮ್ಮವಳ ಸೈಕಲ್ಲು ದನದ ಕೊಟ್ಟಿಗೆಯ ಗೋಡೆಗೆ ಒರಗಿಯೇ ಇತ್ತು. ಚಕ್ರ ಸರಿ, ಬ್ರೇಕ್ ಸರಿ, ಬೆಲ್ ಕೂಡ ಸರಿ. ಆದರೂ ಅದೀಗ ಅವಳಿಗೆ “ಹಳೇ ಡಬ್ಬ”.

ನಾನು ಗಣಿತದ ಮಾಸ್ಟ್ರಾಗಿ ನಿವೃತ್ತನಾದವನು. ವಿವರಿಸುವ ಚಪಲ ಹೋಗುವುದಿಲ್ಲ. “ನೋಡು ಮಗಾ, ಕದ್ದರೆ ಪೊಲೀಸರು ಹಿಡಿಯುತ್ತಾರೆ. ಸುಳ್ಳು ಹೇಳಿದರೆ ಇವತ್ತಲ್ಲ ನಾಳೆ ಗೊತ್ತಾಗುತ್ತದೆ. ಈ ಹತ್ತನೆಯದನ್ನು ಮುರಿದರೆ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಒಳಗೇ ನಡೆಯುವ ವ್ಯವಹಾರ.”

“ನಿಮ್ಮ ಪಟ್ಟಿಯಲ್ಲಿ ಏನುಂಟು ಅಜ್ಜ?”

“ಈ ಪ್ರಾಯದಲ್ಲಿ ನನಗೆಂಥ ಆಸೆ?” ಎಂದೆ. ಅಲ್ಲಿಗೆ ಒಂಬತ್ತನೆಯದನ್ನೂ ಮುರಿದ ಹಾಗಾಯಿತು.

ಮಾತು ತಪ್ಪಿಸಲು ನಾಬೋತನ ಕಥೆ ತೆಗೆದೆ. ಒಂದನೆಯ ಅರಸುಗಳು, 21ನೇ ಅಧ್ಯಾಯ. ಅಹಾಬ ಒಬ್ಬ ಅರಸ. ಅರಮನೆಯ ಪಕ್ಕದಲ್ಲಿ ನಾಬೋತ ಎಂಬವನ ದ್ರಾಕ್ಷಿತೋಟ. ಅರಸನಿಗೆ ಅಲ್ಲಿ ಕಾಯಿಪಲ್ಯ ಬೆಳೆಯುವ ಆಸೆ. ಇದಕ್ಕಿಂತ ಒಳ್ಳೆಯ ತೋಟ ಕೊಡುತ್ತೇನೆ, ಇಲ್ಲವೇ ಹಣ ಕೊಡುತ್ತೇನೆ ಎಂದ. ಪಿತ್ರಾರ್ಜಿತ ಭೂಮಿ, ಕೊಡಲಾರೆ ಎಂದ ನಾಬೋತ. ಅಷ್ಟಕ್ಕೇ ಅರಸ ಮನೆಗೆ ಹೋಗಿ, ಊಟ ಬಿಟ್ಟು, ಮುಖ ತಿರುಗಿಸಿ ಮಲಗಿದ. ಒಂದು ರಾಜ್ಯವೇ ಇದ್ದವನಿಗೆ ಒಂದು ಹಿತ್ತಲು ಸಿಗಲಿಲ್ಲವೆಂದು ಅನ್ನ ಸೇರಲಿಲ್ಲ! ಮುಂದೆ ರಾಣಿ ಸುಳ್ಳುಸಾಕ್ಷಿ ಹುಟ್ಟಿಸಿ ನಾಬೋತನನ್ನು ಕಲ್ಲೆಸೆದು ಕೊಲ್ಲಿಸಿದಳು.

ಅವಳು ಬಾಯಿ ಬಿಟ್ಟು ಕೇಳುತ್ತಿದ್ದಳು. ಕೊನೆಗೆ, “ನೀವೂ ಸಣ್ಣಜ್ಜನ ಮನೆಯಿಂದ ಬಂದ ದಿನ ಹಾಗೇ ಗೋಡೆ ಕಡೆ ತಿರುಗಿ ಮಲಗುತ್ತೀರಲ್ಲ” ಎಂದಳು.

ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಆಗಷ್ಟೇ ಪಾಠ ಮಾಡಿದ್ದೆ.

ವಿಷಯ ಇಷ್ಟು. ಅಪ್ಪ ತೀರಿಕೊಂಡ ಮೇಲೆ ನಾನೂ ತಮ್ಮನೂ ಚೀಟಿ ಎತ್ತಿ ಪಾಲು ಮಾಡಿಕೊಂಡೆವು. ನನಗೆ ಹಳೆಯ ಹಂಚಿನ ಮನೆ ಬಂತು. ತಮ್ಮನಿಗೆ ಬಡಗು ಬದಿಯ ಜಾಗ, ಅದರಲ್ಲಿ ಅಪ್ಪ ನೆಟ್ಟ ಹಲಸಿನ ಮರ. ಸೌದೆಯಷ್ಟು ದಪ್ಪದ ತೊಳೆ, ಜೇನಿನಂಥ ರುಚಿ. ಪ್ರತಿ ಬೇಸಿಗೆಯಲ್ಲೂ ತಮ್ಮ ಒಂದು ಹಣ್ಣು ಕಳಿಸುತ್ತಿದ್ದ. ನಾನು ತಿನ್ನುತ್ತಿದ್ದೆ, ತಿನ್ನುತ್ತಲೇ ಮರದಲ್ಲಿ ಉಳಿದವನ್ನು ಲೆಕ್ಕ ಹಾಕುತ್ತಿದ್ದೆ. ಕಳಿಸಿದ್ದು ಸಣ್ಣದು ಎಂದು ಹೆಂಡತಿಯ ಹತ್ತಿರ ಗೊಣಗುತ್ತಿದ್ದೆ. ಹೀಗೆ 28 ಬೇಸಿಗೆ.

ಮೊಮ್ಮಗಳು ಹಾಗೆಂದ ಮರುವಾರವೇ ಗಾಳಿಮಳೆಗೆ ಆ ಮರ ಬುಡಸಹಿತ ಉರುಳಿತು. ಬೆಳಗ್ಗೆ ಸುದ್ದಿ ಬಂದಾಗ ನನಗೆ ಮೊದಲು ಆದದ್ದು ದುಃಖವಲ್ಲ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಬರೆಯುತ್ತೇನೆ: ಎಲ್ಲೋ ಒಂದು ಮೂಲೆಯಲ್ಲಿ ಹಗುರವಾಯಿತು. ಇನ್ನು ಅವನಿಗೂ ಇಲ್ಲವಲ್ಲ ಎಂದು. ಅಪ್ಪ ನೆಟ್ಟ ಮರ ಅದು.

ಆ ರಾತ್ರಿ ನಿದ್ದೆ ಬರಲಿಲ್ಲ. ಬೈಬಲ್ ತೆಗೆದರೆ ಕಣ್ಣಿಗೆ ಬಿದ್ದದ್ದು ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದ ನಾಲ್ಕನೇ ಅಧ್ಯಾಯ. ಎಷ್ಟೋ ಸಲ ಓದಿದ್ದೇ. ಕ್ರಿಸ್ತನ ಬಲದಿಂದ ಎಲ್ಲಕ್ಕೂ ಶಕ್ತನಾಗಿದ್ದೇನೆ ಎಂಬ ಅದರ ಮಾತು ನಮ್ಮ ಮನೆಗಳ ಕ್ಯಾಲೆಂಡರಿನಲ್ಲಿ ಇರುತ್ತದೆ. ಮಕ್ಕಳು ಪರೀಕ್ಷೆಯ ದಿನ ಅದನ್ನು ಹೇಳಿಕೊಂಡು ಹೋಗುತ್ತಾರೆ. ಅದಕ್ಕೂ ಮೊದಲಿನ ಸಾಲುಗಳನ್ನು ನಾವು ಬಿಟ್ಟುಬಿಡುತ್ತೇವೆ. ಅಲ್ಲಿ ಪರೀಕ್ಷೆಯ ಮಾತಿಲ್ಲ. ಹೊಟ್ಟೆ ತುಂಬಿದಾಗಲೂ ಹಸಿದಾಗಲೂ, ಸಮೃದ್ಧಿಯಲ್ಲೂ ಕೊರತೆಯಲ್ಲೂ ಇದ್ದುದರಲ್ಲಿ ಇರುವುದನ್ನು ತಾನು ಕಲಿತೆ ಎನ್ನುತ್ತಾನೆ ಪೌಲ. ಬರೆಯುವಾಗ ಅವನು ಸೆರೆಯಲ್ಲಿದ್ದ. “ಕಲಿತೆ” ಎಂಬ ಮಾತು ಮಾಸ್ಟ್ರಾದ ನನ್ನನ್ನು ಹಿಡಿದು ನಿಲ್ಲಿಸಿತು. ಅಪೊಸ್ತಲನಿಗೂ ಅದು ಹುಟ್ಟಿನಿಂದ ಬರಲಿಲ್ಲ. ನಾನೋ, ಸಂತೃಪ್ತಿಯೆಂದರೆ ಕೆಲವರ ಸ್ವಭಾವ, ನನಗಿಲ್ಲ ಎಂದುಕೊಂಡು ಆ ಪಾಠಕ್ಕೆ ಕೂತೇ ಇರಲಿಲ್ಲ.

ಬೆಳಗ್ಗೆ ಕೊಡೆ ಹಿಡಿದು ತಮ್ಮನ ಮನೆಗೆ ಹೋದೆ. ಅವನು ಮರದ ಹತ್ತಿರ ನಿಂತಿದ್ದ. “ಅಣ್ಣ, ಒಳ್ಳೆಯ ತಿರುಳು ಉಂಟು. ಕೊಯ್ಸಿದರೆ ಅರ್ಧ ಹಲಗೆ ನಿನಗೆ. ಅಪ್ಪನ ಮರ ಅಲ್ವಾ” ಎಂದ.

ಗಂಟಲು ಕಟ್ಟಿತು. ಎಲ್ಲ ಹೇಳಿಬಿಟ್ಟೆ: ಲೆಕ್ಕ ಹಾಕಿದ್ದು, ಗೊಣಗಿದ್ದು, ನಿನ್ನೆ ಬೆಳಗಿನ ಆ ಹಗುರ.

ತಮ್ಮ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, “ನನಗೆ ಆ ಮನೆ ಬೇಕಿತ್ತು ಅಣ್ಣ. ಅಮ್ಮ ತೀರಿಕೊಂಡ ಮನೆ. ಚೀಟಿ ನಿನಗೆ ಬಂತು. ಈಗಲೂ ಮಳೆ ಬಂದರೆ ಹಂಚಿನ ಮೇಲೆ ಹೇಗೆ ಕೇಳಿಸುತ್ತದೆ ಅಂತ ನೆನಪಾಗುತ್ತದೆ. ಈ ಟೆರೇಸಿನಲ್ಲಿ ಏನೂ ಕೇಳುವುದಿಲ್ಲ” ಎಂದ.

ಆ ಹಂಚುಗಳು ನಮ್ಮ ಅಜ್ಜನ ಕಾಲದವು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಹಂಚಿನ ಕಾರ್ಖಾನೆಯಲ್ಲಿ ಅಜ್ಜ ಕೆಲಸಕ್ಕಿದ್ದರು. ನದಿದಂಡೆಯ ಜೇಡಿಮಣ್ಣನ್ನು ಅಚ್ಚಿಗೆ ಹಾಕಿ ಒತ್ತಿ, ಸುಟ್ಟು ಮಾಡಿದ ಹಂಚು. ಮಗುಚಿ ನೋಡಿದರೆ ಕಾರ್ಖಾನೆಯ ಹೆಸರು ಈಗಲೂ ಓದಲು ಬರುತ್ತದೆ. ಇಷ್ಟು ವರ್ಷ ನಾನು ಅವುಗಳನ್ನು ಮಳೆಗಾಲಕ್ಕೆ ಮುಂಚೆ ಸರಿಪಡಿಸಬೇಕಾದ ಖರ್ಚು ಎಂದಷ್ಟೇ ನೋಡಿದ್ದೆ.

ಈಗ ಜೋರು ಮಳೆಯಿದ್ದರೆ ತಮ್ಮ ಸಂಜೆ ನಮ್ಮ ಚಾವಡಿಗೆ ಬರುತ್ತಾನೆ. ಹಲಸಿನ ಹಲಗೆಯಲ್ಲಿ ಒಂದು ಬೆಂಚು ಮಾಡಿಸಿದ್ದೇವೆ, ಇಬ್ಬರಿಗೆ ಸಾಕು. ಆಸೆ ಪೂರ್ತಿ ಬಿಟ್ಟಿತು ಎಂದರೆ ಸುಳ್ಳಾದೀತು. ಹಿಂದಿನ ಬೀದಿಯವರ ಹೊಸ ಕಾರನ್ನು ಮೊನ್ನೆ ಸ್ವಲ್ಪ ಹೆಚ್ಚೇ ಹೊತ್ತು ನೋಡಿದೆ. ಮೊಮ್ಮಗಳ ಪುಸ್ತಕದಲ್ಲಿ ನನಗೂ ಒಂದು ಪುಟ ಉಂಟು. ಕಾರು ಅಲ್ಲಿ ಬರೆದಾಯಿತು. ಬರೆದದ್ದನ್ನು ರಾತ್ರಿ ಪ್ರಾರ್ಥನೆಯಲ್ಲಿ ಇಬ್ಬರೂ ಹೆಸರು ಹಿಡಿದು ಹೇಳುತ್ತೇವೆ. ಹಾಗೆ ಹೇಳುವಾಗ ನಗು ಬರುತ್ತದೆ, ಅದೂ ಒಳ್ಳೆಯದೇ.

ಅವಳ ಪುಟದಲ್ಲಿ ಗೇರ್ ಸೈಕಲ್ ಇನ್ನೂ ಇದೆ, ಆದರೆ ಹಳೆಯದಕ್ಕೆ ಎಣ್ಣೆ ಬಿಟ್ಟು ಓಡಿಸುತ್ತಾಳೆ. ಬಿದ್ದ ಮರದ ಕೊನೆಯ ಹಣ್ಣಿನ ಬೀಜಗಳನ್ನು ಅವಳೇ ಮಣ್ಣು ತುಂಬಿದ ತೊಟ್ಟೆಯಲ್ಲಿ ಹಾಕಿದ್ದಳು. ನಾಲ್ಕು ಮೊಳೆತಿವೆ. ಎರಡು ಸಣ್ಣಜ್ಜನಿಗೆ, ಎರಡು ನಮಗೆ. ಯಾವುದು ಯಾರಿಗೆ ಎಂದು ಚೀಟಿ ಎತ್ತುವುದು ಬೇಡ, ಉದ್ದದ್ದನ್ನು ಅವರಿಗೇ ಕೊಡುವ ಎಂದಿದ್ದೇನೆ. ಅವಳು ಸ್ಕೇಲ್ ಹಿಡಿದು ಅಳೆಯುತ್ತಿದ್ದಾಳೆ.