ಮಕ್ಕಳಲ್ಲಿ ಮೂತ್ರಪಿಂಡ ಅಪಧಮನಿಯ ಬಲೂನ್ ಆಂಜಿಯೋಪ್ಲಾಸ್ಟಿ

ಮೂತ್ರಪಿಂಡ ಅಪಧಮನಿಯ ಬಲೂನ್ ಆಂಜಿಯೋಪ್ಲಾಸ್ಟಿ ಎಂಬುದು ಮೂತ್ರಪಿಂಡಕ್ಕೆ ರಕ್ತವನ್ನು ಒಯ್ಯುವ ಅಪಧಮನಿಯು ಕಿರಿದಾದಾಗ, ಹೊಟ್ಟೆಯನ್ನು ಕೊಯ್ಯದೆ ಅದನ್ನು ಒಳಗಿನಿಂದಲೇ ಹಿಗ್ಗಿಸುವ ಚಿಕಿತ್ಸೆ. ಮಕ್ಕಳಲ್ಲಿ ಈ ದೋಷದಿಂದ ಉಂಟಾಗುವ ಅಧಿಕ ರಕ್ತದೊತ್ತಡವನ್ನು ತಗ್ಗಿಸುವುದು ಮತ್ತು ಮೂತ್ರಪಿಂಡವನ್ನು ಉಳಿಸಿಕೊಳ್ಳುವುದು ಇದರ ಉದ್ದೇಶ.

ಕಾರಣಗಳು

ಮೂತ್ರಪಿಂಡಕ್ಕೆ ತಲುಪುವ ರಕ್ತವು ಕಡಿಮೆಯಾದಾಗ ಅದು ರೆನಿನ್ ಎಂಬ ಕಿಣ್ವವನ್ನು ಹೆಚ್ಚಾಗಿ ಸ್ರವಿಸುತ್ತದೆ. ಇದರಿಂದ ರಕ್ತನಾಳಗಳು ಸಂಕುಚಿಸುತ್ತವೆ, ಶರೀರದಲ್ಲಿ ಉಪ್ಪು ಮತ್ತು ನೀರು ಉಳಿಯುತ್ತವೆ, ರಕ್ತದೊತ್ತಡ ಏರುತ್ತದೆ. ಅಪಧಮನಿಯ ಅಡಚಣೆಗೂ ರಕ್ತದೊತ್ತಡಕ್ಕೂ ಇರುವ ಈ ಸಂಬಂಧವನ್ನು ಹ್ಯಾರಿ ಗೋಲ್ಡ್‌ಬ್ಲಾಟ್ 1934ರಲ್ಲಿ ನಾಯಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದರು. ಭಾರತದ ಮಕ್ಕಳಲ್ಲಿ ಟಕಯಾಸು ಆರ್ಟರೈಟಿಸ್ ಎಂಬ ಉರಿಯೂತವು ಈ ಕಿರಿದಾಗುವಿಕೆಗೆ ಪ್ರಮುಖ ಕಾರಣ. ಪಾಶ್ಚಾತ್ಯ ದೇಶಗಳಲ್ಲಿ ಅಪಧಮನಿಯ ಗೋಡೆಯ ರಚನಾದೋಷವಾದ ಫೈಬ್ರೊಮಸ್ಕ್ಯುಲರ್ ಡಿಸ್‌ಪ್ಲೇಸಿಯಾ ಹೆಚ್ಚು. ನ್ಯೂರೋಫೈಬ್ರೊಮಟೋಸಿಸ್‌ನಂತಹ ಆನುವಂಶಿಕ ಕಾಯಿಲೆಗಳಲ್ಲಿಯೂ ಇದು ಕಂಡುಬರುತ್ತದೆ.

ಪತ್ತೆ

ಅನೇಕ ಮಕ್ಕಳಲ್ಲಿ ಲಕ್ಷಣಗಳೇ ಇರುವುದಿಲ್ಲ. ಕೆಲವರಲ್ಲಿ ತಲೆನೋವು, ವಾಂತಿ, ಫಿಟ್ಸ್ ಅಥವಾ ಉಸಿರಾಟದ ತೊಂದರೆ ಕಾಣಿಸಿಕೊಳ್ಳುತ್ತದೆ. ರಕ್ತದೊತ್ತಡವನ್ನು ಅಳೆಯದಿದ್ದರೆ ಫಿಟ್ಸ್‌ನ ನಿಜವಾದ ಕಾರಣ ಮರೆಯಾಗಿಯೇ ಉಳಿಯಬಹುದು. ಆದುದರಿಂದ 3 ವರ್ಷ ದಾಟಿದ ಮಕ್ಕಳ ರಕ್ತದೊತ್ತಡವನ್ನು ವರ್ಷಕ್ಕೊಮ್ಮೆಯಾದರೂ ಅಳೆಯಬೇಕೆಂದು ವೈದ್ಯರು ಸಲಹೆ ನೀಡುತ್ತಾರೆ. ಇದಕ್ಕೆ ಮಗುವಿನ ತೋಳಿಗೆ ಹೊಂದುವ ಪಟ್ಟಿ ಅಗತ್ಯ; ಪಟ್ಟಿ ಚಿಕ್ಕದಾದರೆ ಒತ್ತಡವು ಇರುವುದಕ್ಕಿಂತ ಹೆಚ್ಚಾಗಿ, ದೊಡ್ಡದಾದರೆ ಕಡಿಮೆಯಾಗಿ ತೋರುತ್ತದೆ. ದಾವಣಗೆರೆ ಜಿಲ್ಲೆಯ ಮಾಯಕೊಂಡದಂತಹ ಗ್ರಾಮಗಳಲ್ಲಿಯೂ ಮಾಡಬಹುದಾದ ಪರೀಕ್ಷೆ ಇದು. ಮುಂದಿನ ಹಂತದಲ್ಲಿ ಡಾಪ್ಲರ್ ಸ್ಕ್ಯಾನ್ ಮತ್ತು ಸಿ.ಟಿ. ಆಂಜಿಯೋಗ್ರಾಂ ನೆರವಾಗುತ್ತವೆ.

ವಿಧಾನ

ಮೂತ್ರಪಿಂಡದ ಅಪಧಮನಿಯನ್ನು ಬಲೂನಿನಿಂದ ಹಿಗ್ಗಿಸಿದ ಮೊದಲ ಚಿಕಿತ್ಸೆಯನ್ನು ಆಂಡ್ರಿಯಾಸ್ ಗ್ರುಂಟ್ಸಿಗ್ 1978ರಲ್ಲಿ ವರದಿ ಮಾಡಿದರು. ಮಗುವಿಗೆ ಅರಿವಳಿಕೆ ನೀಡಿ, ಸಾಮಾನ್ಯವಾಗಿ ತೊಡೆಸಂದಿಯ ಅಪಧಮನಿಗೆ ಸೂಜಿ ಚುಚ್ಚಿ ತೆಳುವಾದ ಕ್ಯಾತಿಟರ್ ಅನ್ನು ಒಳಸೇರಿಸುತ್ತಾರೆ. ಎಕ್ಸ್-ರೇ ನೆರವಿನಿಂದ ಅದು ಕಿರಿದಾದ ಭಾಗವನ್ನು ತಲುಪಿದ ನಂತರ ತುದಿಯ ಬಲೂನನ್ನು ಹಿಗ್ಗಿಸಿ, ಕುಗ್ಗಿಸಿ ಹೊರತೆಗೆಯುತ್ತಾರೆ. ಮಗು ಬೆಳೆದಂತೆ ಅಪಧಮನಿಯೂ ಬೆಳೆಯುವುದರಿಂದ ಲೋಹದ ಸ್ಟೆಂಟ್ ಅಳವಡಿಸುವುದನ್ನು ಸಾಧ್ಯವಾದಷ್ಟು ತಪ್ಪಿಸಲಾಗುತ್ತದೆ. ಟಕಯಾಸು ಕಾಯಿಲೆಯಲ್ಲಿ ಮೊದಲು ಔಷಧಗಳಿಂದ ಉರಿಯೂತವನ್ನು ಹತೋಟಿಗೆ ತರುವುದು ಮುಖ್ಯ.

ಮಿತಿಗಳು

ಅಪಧಮನಿಯ ಒಳಪದರ ಸೀಳುವುದು, ರಕ್ತ ಹೆಪ್ಪುಗಟ್ಟುವುದು, ರಕ್ತಸ್ರಾವವಾಗುವುದು ಸಂಭವನೀಯ ತೊಡಕುಗಳು. ಹಿಗ್ಗಿಸಿದ ಭಾಗವು ಮತ್ತೆ ಕಿರಿದಾಗಬಹುದು. ಆಗ ಚಿಕಿತ್ಸೆಯನ್ನು ಪುನಃ ಮಾಡಬೇಕಾಗುತ್ತದೆ. ಬಲೂನಿನಿಂದ ಫಲ ದೊರೆಯದಿದ್ದರೆ ಬೈಪಾಸ್ ಶಸ್ತ್ರಚಿಕಿತ್ಸೆ ಇನ್ನೊಂದು ಮಾರ್ಗ. ಒಂದು ಮೂತ್ರಪಿಂಡವು ಕಾರ್ಯಶಕ್ತಿಯನ್ನು ಬಹುತೇಕ ಕಳೆದುಕೊಂಡು ರಕ್ತದೊತ್ತಡವನ್ನು ಏರಿಸುತ್ತಿದ್ದರೆ, ಅದನ್ನು ಲ್ಯಾಪರೊಸ್ಕೋಪಿಯ ಮೂಲಕ ತೆಗೆಯುವುದೂ ಉಂಟು. ಚಿಕಿತ್ಸೆ ಯಶಸ್ವಿಯಾದ ಎಲ್ಲ ಮಕ್ಕಳಲ್ಲಿಯೂ ಔಷಧಗಳು ನಿಲ್ಲುವುದಿಲ್ಲ. ಕೆಲವರಿಗೆ ಅವುಗಳ ಪ್ರಮಾಣ ಮಾತ್ರ ಕಡಿಮೆಯಾಗುತ್ತದೆ. ಆದುದರಿಂದ ರಕ್ತದೊತ್ತಡದ ತಪಾಸಣೆಯನ್ನು ವರ್ಷಗಳ ಕಾಲ ಮುಂದುವರಿಸಬೇಕಾಗುತ್ತದೆ.