ತೋಳಿನ ಮೇಲಿನ ಬಿಳಿ ಬಿಲ್ಲೆ

ಯಾವುದಾದರೂ ಮಗುವಿನ ತೋಳಿನ ಮೇಲೆ ದೊಡ್ಡ ನಾಣ್ಯದಂಥ ಬಿಳಿ ಬಿಲ್ಲೆ ಕಂಡರೆ, "ಏನಮ್ಮಾ ಅದು?" ಎಂದು ಎಲ್ಲರೆದುರು ಕೇಳಿಬಿಡಬೇಡಿ. ಆ ಪ್ರಶ್ನೆಗೆ ಹೆದರಿ ನನ್ನ ಹನ್ನೊಂದು ವರ್ಷದ ಮಗಳು ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ತೊಡುತ್ತಿದ್ದಳು.

ಅವಳಿಗೆ ಎಂಟನೇ ವಯಸ್ಸಿನಲ್ಲೇ ಟೈಪ್ ಒನ್ ಸಕ್ಕರೆ ಕಾಯಿಲೆ ಬಂತು. "ಸಿಹಿ ಜಾಸ್ತಿ ಕೊಟ್ರೇನೋ?" ಎಂದವರೆಷ್ಟು ಮಂದಿ! ಇದು ಸಿಹಿ ತಿಂದು ಬರುವ ರೋಗವಲ್ಲ. ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಮ್ಮ ದೇಹದ ರಕ್ಷಣಾ ಶಕ್ತಿಯೇ ತಪ್ಪಾಗಿ ನಾಶ ಮಾಡುತ್ತದೆ. 1922ರಲ್ಲಿ ಕೆನಡಾದ ಟೊರಾಂಟೋದಲ್ಲಿ 14 ವರ್ಷದ ಹುಡುಗನಿಗೆ ಇನ್ಸುಲಿನ್ ಚುಚ್ಚಿ ಉಳಿಸಿದರು. ಅದಕ್ಕೆ ಮುಂಚೆ ಇಂಥ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ.

ಮೊದಮೊದಲು ದಿನಕ್ಕೆ ಐದಾರು ಸಲ ಅವಳ ಬೆರಳು ಚುಚ್ಚುತ್ತಿದ್ದೆ. ಈಗ ಈ ಬಿಲ್ಲೆ ಚರ್ಮದಡಿಯ ಸಣ್ಣ ಎಳೆಯಿಂದ ಸಕ್ಕರೆ ಅಳೆದು ಫೋನಿಗೆ ಕಳಿಸುತ್ತದೆ. ನಮ್ಮದು 14 ದಿನ ಬರುತ್ತದೆ. ಬೆಲೆ ಸಾವಿರಾರು ರೂಪಾಯಿ. ಮನೆಖರ್ಚಿನಲ್ಲಿ ಹಿಡಿದು ಹೊಂದಿಸುತ್ತೇನೆ. ಇನ್ಸುಲಿನ್ ಚುಚ್ಚುವುದಂತೂ ತಪ್ಪಿಲ್ಲ.

ಆದರೆ ನಾನು ಪೊಲೀಸಿನವಳಾಗಿಬಿಟ್ಟೆ! ಒಂದು ಸಂಜೆ ಅವಳು ಶೂ ಬಿಚ್ಚುವ ಮೊದಲೇ, "ಇನ್ನೂರಿಪ್ಪತ್ತು ಹೇಗಾಯ್ತು? ಏನ್ ತಿಂದೆ?" ಎಂದೆ. ಅವಳ ಕಣ್ಣು ತುಂಬಿತು. "ನಾಟಕದಲ್ಲಿ ಪಾರ್ಟು ಸಿಕ್ತು ಅಂತ ಹೇಳೋಕೆ ಓಡಿಬಂದೆ. ನೀನು ನನ್ನ ಕೇಳಲ್ಲ, ನಂಬರ್ ಕೇಳ್ತೀಯ." ಅಂದಿನಿಂದ ನಮ್ಮಲ್ಲಿ ಒಂದು ನಿಯಮ: ಸಕ್ಕರೆ ತೀರಾ ಇಳಿದಿದ್ದರೆ ಸರಿ, ಇಲ್ಲದಿದ್ದರೆ ಮೊದಲು ಶಾಲೆಯ ಸುದ್ದಿ, ಆಮೇಲೆ ಸಕ್ಕರೆಯ ಲೆಕ್ಕ.

ನಾನು ಕಲಿತ ಇನ್ನಷ್ಟು:

ರಾತ್ರಿ ಬಿಲ್ಲೆಯ ಮೇಲೆ ಒತ್ತಿ ಮಲಗಿದರೂ ಸಕ್ಕರೆ ಸುಳ್ಳೇ ಕಡಿಮೆ ತೋರಿಸಬಹುದು. ಅಂಕಿಗೂ ಮಗುವಿನ ಸ್ಥಿತಿಗೂ ತಾಳೆಯಾಗದಿದ್ದರೆ ಬೆರಳು ಚುಚ್ಚಿಯೇ ನೋಡಿ. ಬೆರಳ ತುದಿಯ ಪಕ್ಕದಲ್ಲಿ ಚುಚ್ಚಿದರೆ ನೋವು ಕಡಿಮೆ.

70ಕ್ಕಿಂತ ಇಳಿದು ಬೆವರು, ನಡುಕ ಬಂದರೆ ಸಕ್ಕರೆ ನೀರು ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ನಿಮ್ಮ ಮಗುವಿಗೆ ಎಷ್ಟು ಚಮಚ ಎಂದು ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ.

ಇನ್ಸುಲಿನ್ನನ್ನು ಫ್ರಿಜ್ಜಿನ ಐಸ್ ಖಾನೆಯಲ್ಲಿ ಇಡಲೇಬೇಡಿ. ಹೆಪ್ಪುಗಟ್ಟಿದ್ದು ಕೆಲಸಕ್ಕೆ ಬಾರದು.

ಶಾಲೆಯ ಟೀಚರಿಗೆ ಎಲ್ಲವನ್ನೂ ತಿಳಿಸಿ. ಇಂಥ ಮಕ್ಕಳು ಬೋರ್ಡ್ ಪರೀಕ್ಷೆಗೆ ತಿಂಡಿ ಒಯ್ಯಬಹುದೆಂದು ಸಿ.ಬಿ.ಎಸ್.ಇ. 2017ರಲ್ಲೇ ಒಪ್ಪಿದೆ.

ಅಂದಹಾಗೆ, ನಾಟಕದಲ್ಲಿ ನನ್ನ ಮಗಳು ರಾಣಿಯಾದಳು. ಅರ್ಧ ತೋಳಿನ ರವಿಕೆ, ಬಿಲ್ಲೆ ಎಲ್ಲರಿಗೂ ಕಾಣುವಂತೆ. "ರಾಣಿಗೆ ತೋಳ್ಬಂದಿ ಬೇಡ್ವೇನಮ್ಮಾ?" ಎಂದಳು!